ಕೋವಿಯೂ ಕ್ಷಣದ ಕೋಪವೂ

ಧರಮಪೇಠದ ಗೃಹಸ್ಥರಿಗೆ ಬಂದೂಕು ಕಣ್ಣಿಗೆ ಬೀಳುವುದು ಬಹುಶಃ ಬ್ಯಾಂಕಿನ ಬಾಗಿಲಲ್ಲಿ, ಕಾವಲುಗಾರನ ಹೆಗಲ ಮೇಲೆ ಮಾತ್ರ. ಕೊಡಗಿನ ಮನೆಗಳಲ್ಲಾದರೋ ಅದು ಪೂಜಾವಸ್ತು. ಕೈಲ್ ಮುಹೂರ್ತದಂದು ಕೋವಿಗೆ ‘ತೋಕ್ ಪೂ’ ಮುಡಿಸುತ್ತಾರೆ. ಗಂಡುಮಗು ಜನಿಸಿದರೆ ಒಂದು ಗುಂಡು, ಸಾವು ಸಂಭವಿಸಿದರೆ ಎರಡು ಗುಂಡು ಹಾರಿಸುವುದು ಸಂಪ್ರದಾಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಹಾಗಾದರೆ ಕೋವಿ ಹೆಚ್ಚಿದ್ದಲ್ಲಿ ಸಾವೂ ಹೆಚ್ಚೇ?

ದೇಶ ದೇಶಗಳನ್ನು ತೂಗುವಾಗ ಒಟ್ಟು ಮೊತ್ತಕ್ಕಿಂತ ಜನಸಂಖ್ಯೆಗೆ ತಕ್ಕ ಪ್ರಮಾಣವೇ ಮುಖ್ಯ. 2017ರ ಅಂದಾಜಿನಂತೆ ನೂರು ಜನರಿಗೆ ಅಮೆರಿಕದಲ್ಲಿ ಸುಮಾರು 120, ಸ್ವಿಟ್ಜರ್ಲೆಂಡಿನಲ್ಲಿ 28, ಭಾರತದಲ್ಲಿ 5 ಖಾಸಗಿ ಬಂದೂಕುಗಳಿದ್ದವು. ಜಪಾನಿನಲ್ಲಿ ಒಂದೂ ಪೂರ್ತಿಯಿರಲಿಲ್ಲ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಮೃತರಾದವರು 48,830 ಮಂದಿ, ಅಂದರೆ ಲಕ್ಷಕ್ಕೆ ಸುಮಾರು 15. ಜಪಾನಿನಲ್ಲಾದರೆ ಗುಂಡಿನ ಕೊಲೆಗಳು ವರ್ಷಕ್ಕೆ ಬೆರಳೆಣಿಕೆಯಷ್ಟು.

ಆದರೂ ಬಂದೂಕಿನ ಎಣಿಕೆಯೊಂದೇ ಕಾರಣವಲ್ಲ. ಬ್ರೆಜಿಲಿನಲ್ಲಿ ಬಂದೂಕುಗಳು ಸ್ವಿಟ್ಜರ್ಲೆಂಡಿಗಿಂತ ವಿರಳ. ಕೊಲೆಗಳೋ ಅನೇಕ ಪಟ್ಟು ಅಧಿಕ. ಸಂಪತ್ತಿನ ಅಂತರ, ಮಾದಕ ವಸ್ತುಗಳ ವ್ಯಾಪಾರ, ಕಾನೂನಿನ ಶಿಥಿಲತೆ ಅಲ್ಲಿ ಸೇರಿಕೊಂಡಿವೆ. ಭಾರತದಲ್ಲಿ ಗುಂಡಿನ ಕೊಲೆಗಳ ಬಹುಪಾಲು ಪರವಾನಗಿಯಿಲ್ಲದ ಆಯುಧಗಳಿಂದಲೇ ನಡೆಯುತ್ತದೆ.

ಆರೋಗ್ಯದ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಅಮೆರಿಕದ ಆ 48,830 ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಹತಾಶೆಯ ಆವೇಗ ಎಷ್ಟೋ ವೇಳೆ ಸ್ವಲ್ಪ ಹೊತ್ತಿನಲ್ಲಿ ಇಳಿದುಹೋಗುವಂಥದು. ಕೈಗೆಟುಕುವ ಕೋವಿ ಆ ಹೊತ್ತನ್ನೂ ಕೊಡುವುದಿಲ್ಲ. ಸ್ವಿಟ್ಜರ್ಲೆಂಡು 2003ರಲ್ಲಿ ಸೈನ್ಯವನ್ನು ಅರ್ಧಕ್ಕಿಳಿಸಿದಾಗ ಮನೆಗಳಲ್ಲಿದ್ದ ಸೈನಿಕ ಬಂದೂಕುಗಳು ಕಡಿಮೆಯಾದವು. ತರುಣರ ಆತ್ಮಹತ್ಯೆಗಳೂ ತಗ್ಗಿದವು. ಆಸ್ಟ್ರೇಲಿಯವು 1996ರ ಪೋರ್ಟ್ ಆರ್ಥರ್ ಹತ್ಯಾಕಾಂಡದ ಬಳಿಕ ಸುಮಾರು ಆರೂವರೆ ಲಕ್ಷ ಬಂದೂಕುಗಳನ್ನು ಜನರಿಂದ ಹಿಂದಕ್ಕೆ ಪಡೆಯಿತು. ಅನಂತರದ ವರ್ಷಗಳಲ್ಲಿ ಅಲ್ಲಿ ಗುಂಡಿನ ಸಾವುಗಳು ಇಳಿದವು.

ಆದುದರಿಂದ ಊರಿನ ಮನೆಯಲ್ಲಿ ಕೋವಿಯುಳ್ಳವರು ಗುಂಡು ತೆಗೆದಿಟ್ಟು, ಕೋವಿಗೊಂದು ಬೀಗ, ತೋಟಾಕ್ಕೊಂದು ಬೀಗ ಹಾಕಬೇಕು. ಬೀಗದ ಕೈಗಳು ಮಕ್ಕಳಿಗೆ ಎಟುಕಬಾರದು. ಕೋವಿಯಿಲ್ಲದವರಿಗೂ ಈ ಪಾಠ ಅನ್ವಯಿಸುತ್ತದೆ. ನಾಗಪುರದ ಸುತ್ತಣ ವಿದರ್ಭದ ಹಳ್ಳಿಗಳಲ್ಲಿ ಕೋವಿಯ ಸ್ಥಾನದಲ್ಲಿ ನಿಂತಿರುವುದು ಕೀಟನಾಶಕದ ಸೀಸೆ. ಅದಕ್ಕೂ ಬೀಗ ಬೇಕು. ಮನೆಯವರೊಬ್ಬರು ಮಾತು ಬಿಟ್ಟು ಮಂಕಾಗಿ ಕುಳಿತರೆ, ಬಾಳು ಸಾಕೆಂದು ನುಡಿದರೆ, ಅದನ್ನು ಹಗುರವಾಗಿ ಎಣಿಸದೆ ಬಳಿಯಲ್ಲಿ ಕುಳಿತು ಕೇಳಬೇಕು, ವೈದ್ಯರಲ್ಲಿಗೆ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಕರೆ ಮಾಡಬಹುದು. ಕೋಪವೂ ದುಃಖವೂ ಇಳಿಯುವಷ್ಟು ಸಮಯ ದೊರೆತರೆ ಒಂದು ಜೀವ ಉಳಿದೀತು.