ಮೊದಲು ಊರನ್ನು ಕೇಳು, ತಾಯಿ

ತಾಯಿ, ಮೊನ್ನೆ ನೀನು ಮನೆತನಕ ಬಂದು, ನಿಮ್ಮ ಶಾಲೆಯ ಹಿಂದಿನ ಅರ್ಧ ಎಕರೆಗೆ ಹಾಕಿಸಿದ ನಕ್ಷೆ ಬಿಚ್ಚಿ ತೋರಿಸಿದೆಯಲ್ಲ, ಆಗ ನಾನು ಅರ್ಧ ಮಾತಾಡಿ ಅರ್ಧ ನುಂಗಿಕೊಂಡೆ. ಮಕ್ಕಳಿಗೆ ಒಂದು ಹಸಿರು ಜಾಗ ಬೇಕೆಂದು ಪಂಚಾಯ್ತಿಗೆ ಅಲೆದು, ಹಳೆ ವಿದ್ಯಾರ್ಥಿಗಳಿಂದ ದುಡ್ಡು ಕೂಡಿಸಿ ತಂದವಳು ನೀನು. ಅಂಥವಳಿಗೆ ಬಾಗಿಲಲ್ಲೇ ಅಡ್ಡಮಾತು ಬೇಡ ಅನ್ನಿಸಿತು. ನೀನು ಹೋದ ಮೇಲೆ ನುಂಗಿದ ಮಾತು ಎದೆಯಲ್ಲೇ ಕೂತುಬಿಟ್ಟಿದೆ. ಅದನ್ನೇ ಈಗ ಬರೆಯುತ್ತಿದ್ದೇನೆ.

ನಕ್ಷೆಯ ನಡುವೆ ಲಾನ್ ಇತ್ತು. ಕಾಂಪೌಂಡಿನ ಉದ್ದಕ್ಕೂ ಕೋನೋಕಾರ್ಪಸ್, ಗೇಟಿನ ಎರಡೂ ಬದಿ ಬಾಟಲ್ ಪಾಮ್. ನರ್ಸರಿಯವರು ಹಾಗೆ ಹೇಳಿದರು ಅಂದೆ. ಅವರು ತಮ್ಮಲ್ಲಿ ಇರುವುದನ್ನು ಹೇಳಿದ್ದಾರೆ, ಅದು ಅವರ ತಪ್ಪಲ್ಲ. ಆದರೆ ನಮ್ಮದು ಎಂಥ ಸೀಮೆ ಅನ್ನುವುದನ್ನು ಅವರ ಬದಲು ನಾವು ನೆನಪಿಟ್ಟುಕೊಳ್ಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಅಂದರೆ ಶಾಸನಗಳ ಕಾಲದ ಕೋಗಳಿ ನಾಡು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ನೆಲ. ಲಾನ್ ಹುಲ್ಲು ಬೇಸಿಗೆಯಲ್ಲಿ ದಿನಾ ನೀರು ಕೇಳುತ್ತದೆ. ಏಪ್ರಿಲ್ ತಿಂಗಳಲ್ಲಿ ನಿಮ್ಮೂರ ನಲ್ಲಿಯ ಮುಂದೆ ಕೊಡ ಸಾಲಾಗಿ ಕೂತಿರುವಾಗ ಆ ಹುಲ್ಲಿಗೆ ಪೈಪು ಹಿಡಿಯುವ ಕೈ ಯಾರದು? ಕೋನೋಕಾರ್ಪಸ್ ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ, ನಿಜ. ಅದರ ಬೇರು ಪೈಪು, ಗೋಡೆಗಳಿಗೆ ಹಾನಿ ಮಾಡುತ್ತದೆ, ಪರಾಗ ಜನರ ಉಸಿರಾಟಕ್ಕೆ ತೊಂದರೆ ಕೊಡುತ್ತದೆ ಎಂದು ಗುಜರಾತ್ ಸರಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಲ್ಲಿಸಿತು. ಅದನ್ನು ನಾವು ಕೈಯಾರೆ ತಂದು ಮಕ್ಕಳ ಪಕ್ಕ ನಿಲ್ಲಿಸುವುದು ಬೇಡ.

ಹಾಗಾದರೆ ಏನು ನೆಡಬೇಕು ಎಂದು ಕೇಳುತ್ತೀಯ. ತಡಿ, ಅಲ್ಲಿಗೇ ಬರುತ್ತೇನೆ. ಅದಕ್ಕೆ ಮೊದಲು ನನ್ನ ಕೈಯಿಂದ ಆದ ಒಂದು ತಪ್ಪು ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಜೂನ್ 5ರ ಪರಿಸರ ದಿನದಂದು ಶಾಲೆಯ ಮಕ್ಕಳನ್ನೆಲ್ಲ ಕೂಡಿಸಿ ಅರವತ್ತು ಸಸಿ ನೆಡಿಸಿದೆ. ಎಲ್ಲಿಂದಲೋ ಲಾರಿಯಲ್ಲಿ ಬಂದ ಸಸಿಗಳು. ಪಾಕೀಟು ಹರಿದು ನೋಡಿದರೆ ಬೇರು ಸಿಂಬಿಯಂತೆ ಸುತ್ತಿಕೊಂಡಿತ್ತು. ಆಗ ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಹಾಡು ಹೇಳಿದೆವು, ಮಂಡಕ್ಕಿ ಹಂಚಿದೆವು. ಆರಿದ್ರೆ ಬಂತು, ಪುನರ್ವಸು ಬಂತು, ಮೋಡ ತಲೆಯ ಮೇಲೆ ಓಡಿದವೇ ಹೊರತು ಹನಿ ಇಳಿಯಲಿಲ್ಲ. ಗಾಳಿಯೊಂದೇ ಬೀಸಿತು. ಮಕ್ಕಳು ಮನೆಯಿಂದ ಚೊಂಬಿನಲ್ಲಿ ನೀರು ತಂದು ಹಾಕಿದರು. ಪಂಚಮಿ ಹಬ್ಬದ ಹೊತ್ತಿಗೆ ಅರವತ್ತೂ ಒಣಗಿ ಕಡ್ಡಿಯಾದವು. ಒಬ್ಬ ಹುಡುಗ ತನ್ನ ಗಿಡದ ಬುಡದಲ್ಲಿ ಕೂತು ಅತ್ತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅದೇ ವರ್ಷ ಧ್ವಜಕಟ್ಟೆಯ ಮಗ್ಗುಲಲ್ಲಿ, ಯಾವುದೋ ಹಕ್ಕಿ ಉದುರಿಸಿದ ಬೀಜದಿಂದ ಒಂದು ಬೇವು ತಾನಾಗಿ ಎದ್ದಿತು. ಯಾರೂ ಅದಕ್ಕೆ ನೀರು ಹಾಕಲಿಲ್ಲ. ಇವತ್ತು ಮಕ್ಕಳು ಬಿಸಿಯೂಟಕ್ಕೆ ಕೂರುವುದು ಅದರ ನೆರಳಲ್ಲಿ.

ಆ ಬೇವು ನನಗೆ ಎರಡು ಪಾಠ ಕಲಿಸಿತು. ಮೊದಲನೆಯದು ಕಾಲದ್ದು. ವನಮಹೋತ್ಸವ 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ.ಎಂ. ಮುನ್ಶಿಯವರು ದೇಶಕ್ಕೆಲ್ಲ ಜುಲೈ ಮೊದಲ ವಾರಕ್ಕೆ ಗೊತ್ತುಮಾಡಿದ ಹಬ್ಬ. ಮಲೆನಾಡಿಗೆ ಅದು ಒಪ್ಪುತ್ತದೆ. ನಾವಿರುವುದು ಮಳೆನೆರಳಿನಲ್ಲಿ. ನಮ್ಮ ಕಡೆ ಮುಂಗಾರು ಮೊದಲು ಗಾಳಿಯಾಗಿ ಬರುತ್ತದೆ, ಮಳೆಯಾಗುವುದು ಆಮೇಲೆ. ನಂಬುವಂಥವು ಮಘೆ, ಹುಬ್ಬೆ, ಉತ್ತರೆ, ಹಸ್ತ. ಅಂದರೆ ಆಗಸ್ಟ್ ನಡುವಿನಿಂದ ಅಕ್ಟೋಬರ್ ಮೊದಲ ಭಾಗದವರೆಗೆ. ಜೂನಿನಲ್ಲಿ ಗುಂಡಿ ತೋಡಿ ಬಿಸಿಲಿಗೆ ಬಿಡು, ಒಡ್ಡು ಹಾಕಿಸು, ನೀರು ಇಳಿಜಾರಿನಲ್ಲಿ ಎತ್ತ ಹೋಗುತ್ತದೆ ಎಂದು ಮೊದಲ ಮಳೆಯಲ್ಲಿ ಮಕ್ಕಳೊಂದಿಗೆ ಕೊಡೆ ಹಿಡಿದು ನಿಂತು ನೋಡು. ಸಸಿ ಮಾತ್ರ ಆಶ್ಲೇಷ ಮುಗಿಯುವ ತನಕ ಮುಟ್ಟಬೇಡ. ಮೇಲಿನವರಿಗೆ ಜೂನ್ 5ರ ಫೋಟೊ ಬೇಕೇ ಬೇಕು ಅಂದರೆ ಅವತ್ತು ಮಕ್ಕಳು ಬೀಜ ಆರಿಸುತ್ತಿರುವ ಫೋಟೊ ಕಳಿಸು.

ಎರಡನೆಯದು ಇನ್ನೂ ದೊಡ್ಡದು. ಯಾವ ಗಿಡ ಇಲ್ಲಿ ಬದುಕುತ್ತದೆ ಅನ್ನುವುದು ಈ ನೆಲಕ್ಕೆ ಗೊತ್ತಿದೆ, ನೆಲದ ಜೊತೆ ದಿನಾ ಓಡಾಡುವವರಿಗೆ ಗೊತ್ತಿದೆ. ಆ ತಿಳಿವಳಿಕೆ ಒಬ್ಬರ ಹತ್ತಿರ ಪೂರ್ತಿ ಇಲ್ಲ, ಊರಿನ ತುಂಬ ಚೂರುಚೂರಾಗಿ ಹಂಚಿಹೋಗಿದೆ. ನೀನು ಮಾಡಬೇಕಾದ ಮೊದಲ ಕೆಲಸ ಆ ಚೂರುಗಳನ್ನು ಒಟ್ಟು ಮಾಡುವುದು.

ಸೋಮವಾರ ನಮ್ಮ ರೈತರು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವತ್ತು ಶಾಲೆ ಬಿಟ್ಟ ಮೇಲೆ ಆರೇಳು ಮಕ್ಕಳನ್ನು ಕರಕೊಂಡು, ಊರಿನ ಒಬ್ಬರನ್ನು ಮುಂದಿಟ್ಟುಕೊಂಡು ಒಂದು ಸುತ್ತು ಹೋಗು. ಒಂದು ವಾರ ಕುರಿ ಕಾಯುವವರು. ಒಂದು ವಾರ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಆರಿಸುವ ಅವ್ವಂದಿರು. ಒಂದು ವಾರ ತಾಂಡಾದ ಯಾಡಿಯರು, ಅಂದರೆ ಲಂಬಾಣಿ ಅವ್ವಂದಿರು, ಅವರಿಗೆ ಗುಡ್ಡದ ಗೆಡ್ಡೆ, ಬೇರು, ಹಣ್ಣು ಎಲ್ಲ ಗೊತ್ತು. ಬಾಣಂತಿಗೆ ಮದ್ದು ಕೊಡುತ್ತಿದ್ದ ಸೂಲಗಿತ್ತಿ ಅಜ್ಜಿ ಇನ್ನೂ ಇದ್ದರೆ ಅವರನ್ನು ಎಲ್ಲರಿಗಿಂತ ಮೊದಲು ಕರೆ. ಮಗುವಿಗೊಂದು ನೋಟುಪುಸ್ತಕ ಕೊಡು: ಗಿಡದ ಹೆಸರು, ಯಾರು ಹೇಳಿದರು, ಯಾವ ತಿಂಗಳು ಹೂವು, ಯಾವಾಗ ಬೀಜ, ಯಾರು ತಿನ್ನುತ್ತಾರೆ. ಒಂದೇ ಗಿಡಕ್ಕೆ ಊರಲ್ಲಿ ಒಂದು ಹೆಸರು, ತಾಂಡಾದಲ್ಲಿ ಇನ್ನೊಂದು ಇರುತ್ತದೆ. ಎರಡನ್ನೂ ಬರೆಸು, ಒಂದು ಸರಿ ಇನ್ನೊಂದು ತಪ್ಪು ಅನ್ನಬೇಡ.

ಊರನ್ನು ಕೇಳಿ ಬರೆದಿಡುವುದು ನಾನು ಹುಟ್ಟಿಸಿದ ವಿಚಾರವಲ್ಲ. ನಮ್ಮ ಶಾಸನಗಳಲ್ಲಿ ಭೂಮಿ ದಾನ ಕೊಡುವಾಗ ಎಲ್ಲೆಯನ್ನು ಊರವರಿಗೆ ಗೊತ್ತಿದ್ದ ಕೆರೆ, ಕಲ್ಲು, ಮರಗಳಿಂದ ಗುರುತಿಸುತ್ತಿದ್ದರು. 2002ರ ಜೀವವೈವಿಧ್ಯ ಕಾಯ್ದೆ ಮತ್ತು ಅದರಡಿಯ ನಿಯಮಗಳು ಪ್ರತಿ ಪಂಚಾಯ್ತಿಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನರನ್ನು ಕೇಳಿ ಜನತಾ ಜೀವವೈವಿಧ್ಯ ದಾಖಲಾತಿ ಬರೆಯಬೇಕು ಎನ್ನುತ್ತವೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದರ ಹಿಂದೆ ವರ್ಷಗಟ್ಟಲೆ ದುಡಿದರು. ನಿಮ್ಮ ಪಂಚಾಯ್ತಿಯ ಪುಸ್ತಕ ಕೇಳಿ ಪಡೆದು, ಮಕ್ಕಳ ನೋಟುಪುಸ್ತಕದ ಪಕ್ಕ ಇಟ್ಟು ಓದು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ನಿನ್ನ ಮೇಜಿನ ಮೇಲಿರಲಿ. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡ ಕಲಿಸಿದ ಮೇಷ್ಟ್ರು ಬರೆದ ಪುಸ್ತಕ ಅದು. ಕೇಂದ್ರ ಸಾಹಿತ್ಯ ಅಕಾಡೆಮಿ 1978ರಲ್ಲಿ ಅದಕ್ಕೆ ಪ್ರಶಸ್ತಿ ಕೊಟ್ಟಿತು.

ಒಂದೇ ಒಂದು ಗಿಡವನ್ನು ಹತ್ತಿರದಿಂದ ತೋರಿಸುತ್ತೇನೆ. ತಂಗಡಿ. ನಿಮ್ಮೂರ ರಸ್ತೆಯ ಬದಿಯಲ್ಲಿ, ಕೆಂಪು ಮಣ್ಣಿನ ದಿಬ್ಬದ ಮೇಲೆ, ಬಿರುಬೇಸಿಗೆಯಲ್ಲೂ ಹಸಿರಾಗಿ ನಿಂತಿರುತ್ತದೆ. ಸೊಂಟದೆತ್ತರ, ಗೊಂಚಲು ಗೊಂಚಲು ಅರಿಶಿನ ಬಣ್ಣದ ಹೂವು. ದನಕುರಿ ಅದಕ್ಕೆ ಬಾಯಿ ಹಾಕುವುದು ಅಪರೂಪ, ಅದಕ್ಕೇ ಬೇಲಿಯ ಖರ್ಚಿಲ್ಲ. ಅದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಆ ಕಸುಬಿನ ಮನೆಗಳ ಹಿರಿಯರನ್ನು ಮಕ್ಕಳ ಮುಂದೆ ಕೂರಿಸಿ ಕೇಳು, ತೊಗಟೆ ಎಷ್ಟು, ನೀರು ಎಷ್ಟು, ಎಷ್ಟು ದಿನ ಎಂದು. ಅದೂ ವಿಜ್ಞಾನದ ಪಾಠವೇ. ಆ ಮನೆಯ ಮಗುವಿಗೆ ಅವತ್ತು ತರಗತಿಯಲ್ಲಿ ತಲೆ ಎತ್ತಿ ಕೂರುವ ದಿನ. ಹೂವಿನ ಕೆಳಗಿನ ಎಲೆ ತಿರುಗಿಸಿ ನೋಡಿದರೆ ಎಲೆಯದೇ ಬಣ್ಣದ ಸಣ್ಣ ಹಸಿರು ಹುಳ ಸಿಗುತ್ತದೆ, ಕೆಲವು ಹಳದಿ ಚಿಟ್ಟೆಗಳು ಈ ಜಾತಿಯ ಗಿಡಗಳಲ್ಲೇ ಮೊಟ್ಟೆ ಇಡುತ್ತವೆ. ಹುಳ ಕಂಡ ತಕ್ಷಣ ಔಷಧಿ ಹೊಡೆದರೆ ಚಿಟ್ಟೆಯೂ ಇಲ್ಲ. ತೆಲಂಗಾಣದವರು ಇದೇ ತಂಗಡಿಯನ್ನು ರಾಜ್ಯದ ಹೂವು ಮಾಡಿಕೊಂಡಿದ್ದಾರೆ, ಬತುಕಮ್ಮ ಹಬ್ಬಕ್ಕೆ ಇದನ್ನೇ ಪೇರಿಸುತ್ತಾರೆ. ನಾವು ಬದುವಿನ ಕಸ ಎಂದು ಸವರುತ್ತೇವೆ. ಗೇಟಿನ ಎರಡೂ ಬದಿ ಪಾಮ್ ಬದಲು ಇದನ್ನು ಹಾಕು. ಬೀಜದ ಸಿಪ್ಪೆ ಗಟ್ಟಿ. ಬಿಸಿನೀರು ಹೊಯ್ದು ಒಂದು ರಾತ್ರಿ ನೆನೆಯಲು ಬಿಡು.

ಕಾಂಪೌಂಡಿಗೆ ಲಕ್ಕಿ, ಬಂದರಿಕೆ. ಎರಡನ್ನೂ ಆಡು ಮುಟ್ಟದು. ಮೂಲೆಯಲ್ಲಿ ಒಂದು ಕಕ್ಕೆ, ಒಂದು ಮುತ್ತುಗ, ಒಂದು ಹೊಂಗೆ. ಕವಳಿ, ಕಾರೆ, ಬೋರೆಯ ಪೊದೆ ಒಂದು ಪಕ್ಕಕ್ಕೆ ಇರಲಿ, ಮುಳ್ಳು ಚುಚ್ಚುತ್ತದೆ ಎಂದು ಪಾಲಕರು ಹೇಳುತ್ತಾರೆ, ಹಣ್ಣಿನ ಕಾಲದಲ್ಲಿ ಅವರೇ ಸುಮ್ಮನಾಗುತ್ತಾರೆ. ಗುಡೇಕೋಟೆಯ ಕರಡಿಧಾಮದ ಕರಡಿಗಳು ಬದುಕುವುದೂ ಇಂಥ ಹಣ್ಣುಗಳ ಮೇಲೆ, ಗೆದ್ದಲಿನ ಮೇಲೆ. ಕಕ್ಕೆಯ ಬೀಜ ಕರಡಿಯ ಹೊಟ್ಟೆ ಹಾದು ಬಂದರೆ ಚೆನ್ನಾಗಿ ಮೊಳೆಯುತ್ತದೆ. ಕುರಿರೊಪ್ಪದಲ್ಲೂ ಅದೇ ಲೆಕ್ಕ: ಆಡು ತಿಂದು ಉಗುಳಿದ, ಹಿಕ್ಕೆಯಲ್ಲಿ ಉದುರಿದ ಕರಿಜಾಲಿಯ ಬೀಜ ಮರದಿಂದ ಕಿತ್ತದ್ದಕ್ಕಿಂತ ಬೇಗ ಏಳುತ್ತದೆ. ಕುರಿಯವರನ್ನು ಕೇಳಿದರೆ ರೊಪ್ಪ ಗುಡಿಸಿ ಒಂದು ಮೊರ ತುಂಬ ಕೊಟ್ಟಾರು. ಆದರೆ ಹುಷಾರು, ಅದೇ ಹಿಕ್ಕೆಯಲ್ಲಿ ಬಳ್ಳಾರಿ ಜಾಲಿಯ ಬೀಜವೂ ಇರುತ್ತದೆ.

ಬಳ್ಳಾರಿ ಜಾಲಿಯ ಮಾತು ಬಂತು. ನಮ್ಮ ಹಳೆಯ ಜಿಲ್ಲೆಯ ಹೆಸರು ಅದಕ್ಕೆ ಅಂಟಿಕೊಂಡಿದೆ, ಹುಟ್ಟು ಮಾತ್ರ ಸಮುದ್ರದಾಚೆಯ ಅಮೆರಿಕ ಖಂಡದ್ದು. ಉರುವಲಿಗೆಂದು ತಂದದ್ದು ಕೆರೆ ಅಂಗಳ, ಗೋಮಾಳ ಎಲ್ಲ ತುಂಬಿತು. ನಿಮ್ಮ ಅರ್ಧ ಎಕರೆಯಲ್ಲೂ ಮೂಲೆಗೆ ಒಂದು ಮೆಳೆ ಇದೆ, ನಾನು ನೋಡಿದ್ದೇನೆ. ಜೆಸಿಬಿ ತರಿಸಿ ಒಂದೇ ದಿನಕ್ಕೆ ಬಯಲು ಮಾಡಬೇಡ. ಮೇಲೆ ಕಡಿದರೆ ಹತ್ತು ಚಿಗುರು ಒಡೆಯುತ್ತದೆ, ಬುಡದ ಗಂಟನ್ನು ನೆಲದೊಳಗಿಂದ ಕೀಳಬೇಕು. ಅದರ ಕಟ್ಟಿಗೆಯಿಂದ ಒಲೆ ಉರಿಸುವ ಮನೆಗಳಿವೆ, ಅವರಿಗೆ ಹೇಳಿ ಕಡಿಸು. ಕಿತ್ತ ಜಾಗಕ್ಕೆ ಅದೇ ಮಳೆಯಲ್ಲಿ ಬೇರೆ ಗಿಡ ಬರಬೇಕು. ಬರಿದು ಬಿಟ್ಟರೆ ಕಾಂಗ್ರೆಸ್ ಹುಲ್ಲು ಏಳುತ್ತದೆ.

ಇನ್ನೊಂದು ವಿಷಯ ಹೇಳಿದರೆ ನಿನಗೆ ಆಶ್ಚರ್ಯವಾದೀತು. ಜಾಗದ ಪೂರ್ತಿ ಗಿಡ ತುಂಬಬೇಡ. ಮಧ್ಯದಲ್ಲಿ ಲಾನ್ ಬರೆದಿದ್ದೀಯಲ್ಲ, ಅಲ್ಲಿ ಇರುವ ಹುಲ್ಲನ್ನೇ ಬಿಡು. ಗಂಜಿಗರಿಕೆ, ಕರಡ ಮಳೆಗೆ ತಾವಾಗಿ ಎದ್ದು ಸಂಕ್ರಾಂತಿಗೆ ಬಂಗಾರದ ಬಣ್ಣ ತಿರುಗುತ್ತವೆ. ಕಲ್ಲುನೆಲದಲ್ಲಿ ಟಿಟ್ಟಿಭ ಮೊಟ್ಟೆ ಇಡುತ್ತದೆ, ಗರಸಿನ ಬಣ್ಣವೇ ಅದರ ಬೇಲಿ. ನಮ್ಮ ಬಯಲುಸೀಮೆಯ ಅರ್ಧ ಜೀವ ಹುಲ್ಲಿನದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹೆಬ್ಬಕಕ್ಕೂ ಬೇಕಾದ್ದು ಬಯಲೇ, ಕಾಡಲ್ಲ. ಖಾಲಿ ಜಾಗ ಎಂದು ನಾವು ಕರೆಯುವುದು ಅವಕ್ಕೆಲ್ಲ ಮನೆ. ಒಣಗಿದ ತರಗನ್ನು ಗುಡಿಸಿ ಬೆಂಕಿ ಇಡುವ ಅಭ್ಯಾಸವನ್ನೂ ಬಿಡಿಸು, ಅದು ಬುಡಕ್ಕೆ ಹೊದಿಕೆಯಾದರೆ ಬೇಸಿಗೆಯಲ್ಲಿ ಕಡಿಮೆ ನೀರು ಸಾಕಾಗುತ್ತದೆ.

ಇಷ್ಟರಿಂದ ಏನಾದೀತು ಅನ್ನಿಸಿದ ದಿನ ಮಕ್ಕಳನ್ನು ಕರಕೊಂಡು ಅಂಕಸಮುದ್ರಕ್ಕೆ ಹೋಗು. ಹಗರಿಬೊಮ್ಮನಹಳ್ಳಿಯಿಂದ ದೂರವಿಲ್ಲ. ಅದು ಹಿಂದಿನವರು ಹೊಲಗಳಿಗೆ ನೀರುಣಿಸಲು ಕಟ್ಟಿದ ಕೆರೆ, 98.76 ಹೆಕ್ಟೇರ್. ನೀರಿನ ನಡುವೆ ನಿಂತ ಕರಿಜಾಲಿಗಳ ಮೇಲೆ ಬಾಯ್ಕಳಕ, ಬಿಳಿ ಕೆಂಬರಲು, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಮೂವತ್ತು ಸಾವಿರಕ್ಕೂ ಹೆಚ್ಚು ನೀರುಹಕ್ಕಿ ಅಲ್ಲಿ ತಂಗುತ್ತವೆ. 2017ರಲ್ಲಿ ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ಆ ಗೂಡುಗಳನ್ನು ಹೊತ್ತದ್ದು ಯಾವ ನರ್ಸರಿಯಲ್ಲೂ ಅಲಂಕಾರಕ್ಕೆಂದು ಮಾರದ ಕರಿಜಾಲಿ. ಮುಳ್ಳಿನ ಮರ. ಹಕ್ಕಿಗೆ ಆ ಮುಳ್ಳೇ ಕಾವಲು. ಮಕ್ಕಳು ದಂಡೆಯ ಮೇಲೆ ಒಂದು ಗಂಟೆ ಸುಮ್ಮನೆ ಕೂರಲಿ, ನೀನೇನೂ ವಿವರಿಸಬೇಡ.

ನೆಟ್ಟ ಮೇಲಿನ ಕಾಲ ದೊಡ್ಡದು. ಹುಲಿಕಲ್ ಮತ್ತು ಕುದೂರಿನ ನಡುವೆ 385 ಆಲ ಬೆಳೆಸಿದ ಸಾಲುಮರದ ತಿಮ್ಮಕ್ಕನವರಿಗೂ ಒಂದು ಸಸಿ ನೆಡುವುದು ಒಂದು ದಿನದ ಕೆಲಸ, ಅದಕ್ಕೆ ಕೊಡ ಹೊತ್ತು ನಡೆದದ್ದು ವರ್ಷಗಳ ಕೆಲಸ. ನೀನು ಮೊದಲ ವರ್ಷ ಇಪ್ಪತ್ತೇ ಗಿಡ ನೆಡು. ಒಂದೊಂದಕ್ಕೆ ಒಂದು ಮಗು, ಒಂದು ಮನೆ. ರಜೆಯಲ್ಲಿ ಯಾರು ನೀರು ಹಾಕುತ್ತಾರೆ ಎಂದು ಯುಗಾದಿಗೆ ಮೊದಲೇ ಗೊತ್ತುಮಾಡು. ದುಡ್ಡು ಕೊಟ್ಟ ಹಳೆ ವಿದ್ಯಾರ್ಥಿಗಳು ಇಷ್ಟೇನಾ ಅಂದರೆ ನನ್ನ ಹೆಸರು ಹೇಳು, ನಾನು ಮಾತಾಡುತ್ತೇನೆ.

ಕೊನೆಗೆ ಬೀಜದ ಮಾತು. ಬೇವಿನ ಹಣ್ಣು ಜೂನ್, ಜುಲೈಯಲ್ಲಿ ಉದುರುತ್ತದೆ. ಬೀಜದ ಜೀವ ಎರಡು ಮೂರು ವಾರ ಮಾತ್ರ, ಆರಿಸಿದ ಕೂಡಲೇ ಮಡಿಗೆ ಹಾಕಿಸು. ಕಮರ ಮರದ ಕಾಯಿಗೆ ರೆಕ್ಕೆಯಿರುತ್ತದೆ, ಬೇಸಿಗೆಯ ಗಾಳಿಗೆ ಹಾರಿ ಬೀಳುತ್ತದೆ, ಎಲ್ಲ ವರ್ಷವೂ ಚೆನ್ನಾಗಿ ಹಿಡಿಯುವುದಿಲ್ಲ. ಅದರ ತಾಯಿಬೇರು ಆಳಕ್ಕೆ ಓಡುವಂಥದ್ದು, ಪಾಕೀಟಿನಲ್ಲಿ ಬೆಳೆಸಿದರೆ ಮುರುಟುತ್ತದೆ, ನೆಲಕ್ಕೇ ಊರಬೇಕು. ಕೂಡ್ಲಿಗಿ ಕಡೆಯ ಗುಡ್ಡಗಳಲ್ಲಿ ಕಮರ ಇನ್ನೂ ಇದೆ. ಈ ಸಲ ಕಾಯಿ ಹಿಡಿದಿದೆ ಎಂದು ಕುರಿಯವರಿಂದ ಸುದ್ದಿ ಬಂದ ದಿನ ನನಗೊಂದು ಫೋನ್ ಮಾಡು. ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಮಕ್ಕಳಿಗೆ ಒಂದೊಂದು ಬಟ್ಟೆಯ ಚೀಲ ತರಲು ಹೇಳಿರು.