ಎಲ್‌ಎಲ್‌ಆರ್ ಪರೀಕ್ಷೆಗೆ ತಯಾರಾಗೋಣ ಬನ್ನಿ



ಸಂಘದ ಪಾಸ್‌ಬುಕ್ ನಿಮ್ಮ ಹೆಸರಿನಲ್ಲಿದೆ. ಹಸುವಿನ ವಿಮೆಯೂ ನಿಮ್ಮ ಹೆಸರಿನಲ್ಲಿದೆ. ಎಷ್ಟೋ ಮನೆಗಳಲ್ಲಿ ಗಾಡಿಯೂ ನಿಮ್ಮ ಹೆಸರಿನಲ್ಲೇ ಇದೆ. ಆದರೆ ಡ್ರೈವಿಂಗ್ ಲೈಸೆನ್ಸ್ ಮಾತ್ರ ಮನೆಯ ಗಂಡಸರದ್ದು. ಅವರು ಗದ್ದೆಗೆ ನೀರು ಕಟ್ಟಲು ಹೋದ ದಿನ ಡೇರಿಗೆ ಹಾಲು ಹಾಕಬೇಕು, ಹಿಂಡಿ ಮೂಟೆ ತರಬೇಕು, ಕರುವಿಗೆ ಭೇದಿ ಹಿಡಿದರೆ ಔಷಧಿಗೆ ಹರಿಹರಕ್ಕೋ ದಾವಣಗೆರೆಗೋ ಹೋಗಬೇಕು. ಆಗ ಲೈಸೆನ್ಸ್ ಇಲ್ಲದೆಯೇ ಗಾಡಿ ತೆಗೆಯುವವರು ನಮ್ಮಲ್ಲಿ ಕಡಿಮೆ ಇಲ್ಲ.

ಗಾಡಿ ಓಡಿಸಲು ಬಂದರೆ ಸಾಲದು, ಲೈಸೆನ್ಸ್ ಇರಬೇಕು. ಅದರ ಮೊದಲ ಮೆಟ್ಟಿಲು ಕಲಿಕಾ ಲೈಸೆನ್ಸ್, ನಾವೆಲ್ಲ ಕರೆಯುವ ಹಾಗೆ ಎಲ್‌ಎಲ್‌ಆರ್. ಅದಕ್ಕೊಂದು ಸಣ್ಣ ಪರೀಕ್ಷೆ ಇದೆ. ಈ ಸಂಚಿಕೆಯ ಪಾಠ ಅದರ ತಯಾರಿಗೆ.

ಲೈಸೆನ್ಸ್ ಇಲ್ಲದಿದ್ದರೆ ಏನು ನಷ್ಟ?

ದಂಡ ಕಟ್ಟುವುದು ಸಣ್ಣ ನಷ್ಟ. ದೊಡ್ಡ ನಷ್ಟ ವಿಮೆಯದ್ದು. ಗಾಡಿಯ ವಿಮೆ ಕಟ್ಟುವಾಗ ಮಾಲೀಕ-ಚಾಲಕರಿಗೆಂದು 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಗಾಡಿ ನಿಮ್ಮ ಹೆಸರಿನಲ್ಲಿದ್ದರೂ ಚಾಲ್ತಿಯಲ್ಲಿರುವ ಲೈಸೆನ್ಸ್ ಇಲ್ಲದಿದ್ದರೆ ಆ ಹಣ ನಿಮ್ಮ ಮನೆಗೆ ಸಿಗುವುದಿಲ್ಲ. ನಿಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟಾದರೆ, ವಿಮಾ ಕಂಪನಿ ಅವರಿಗೆ ಪರಿಹಾರ ಕೊಟ್ಟು ಆ ಹಣವನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಬಹುದು. ಒಂದು ದಿನದ ಅವಸರಕ್ಕೆ ಕೊಟ್ಟಿಗೆಯ ಹಸುಗಳನ್ನೇ ಮಾರಬೇಕಾದೀತು.

ಇನ್ನೊಂದು ಮಾತು. ನಿಮಗೆ ಲೈಸೆನ್ಸ್ ಇಲ್ಲವೆಂದು ಹೈಸ್ಕೂಲಿಗೆ ಹೋಗುವ ಮಗನ ಕೈಗೆ ಕ್ಯಾನು ಕೊಟ್ಟು ಗಾಡಿಯಲ್ಲಿ ಕಳಿಸಬೇಡಿ. 2019ರ ತಿದ್ದುಪಡಿಯ ನಂತರ, ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಶಿಕ್ಷೆ ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಅರ್ಜಿ ಹಾಕುವುದು ಹೇಗೆ?

18 ವರ್ಷ ತುಂಬಿದವರು ಅರ್ಜಿ ಹಾಕಬಹುದು. ಇಷ್ಟೇ ಓದಿರಬೇಕೆಂಬ ನಿಯಮವಿಲ್ಲ. ಅರ್ಜಿ ಸಲ್ಲಿಸುವುದು ಸಾರಿಗೆ ಇಲಾಖೆಯ ‘ಸಾರಥಿ’ ಜಾಲತಾಣದಲ್ಲಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರೇ ಹಾಕಿಕೊಡುತ್ತಾರೆ, ಇಲ್ಲವೇ ಸೈಬರ್ ಸೆಂಟರಿನಲ್ಲಿ ಹಾಕಿಸಿ. ದಾವಣಗೆರೆ, ಹರಿಹರದವರು ದಾವಣಗೆರೆಯ ಆರ್‌ಟಿಓ ಕಚೇರಿಯನ್ನು ಆರಿಸಬೇಕು. ನಮ್ಮ ಗಾಡಿಗಳ ಮೇಲಿರುವ ಕೆಎ-17 ಅದೇ ಕಚೇರಿಯ ಸಂಖ್ಯೆ.

ಕೈಯಲ್ಲಿರಬೇಕಾದವು: ಆಧಾರ್, ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೋ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ, ಓಟಿಪಿ ಬರುವುದು ಅದಕ್ಕೇ. 40 ವರ್ಷ ದಾಟಿದವರಿಗೆ ವೈದ್ಯರು ಸಹಿ ಮಾಡಿದ ನಮೂನೆ 1-ಎ ಪ್ರಮಾಣಪತ್ರವೂ ಬೇಕು. ಒಂದು ಬಗೆಯ ವಾಹನಕ್ಕೆ ಕಲಿಕಾ ಲೈಸೆನ್ಸ್ ಶುಲ್ಕ 150 ರೂಪಾಯಿ, ಪರೀಕ್ಷಾ ಶುಲ್ಕ 50 ರೂಪಾಯಿ ಎಂದು ಕೇಂದ್ರದ ನಿಯಮದಲ್ಲಿದೆ. ಹಣ ಕಟ್ಟಿದ ರಸೀದಿ ಕೇಳಿ ಇಟ್ಟುಕೊಳ್ಳಿ.

ವಾಹನದ ಬಗೆ ಆರಿಸುವಾಗ ಎಚ್ಚರ. ಸ್ಕೂಟರ್, ಎಕ್ಸ್‌ಎಲ್ ಗಾಡಿಗಳು ‘ಗೇರ್ ಇಲ್ಲದ ಮೋಟಾರ್ ಸೈಕಲ್’ ಗುಂಪಿಗೆ ಸೇರುತ್ತವೆ. ಮನೆಯ ಬೈಕನ್ನೂ ಓಡಿಸುವವರಾದರೆ ‘ಗೇರ್ ಇರುವ’ ಬಗೆಗೇ ಅರ್ಜಿ ಹಾಕಿ.

ಪರೀಕ್ಷೆಯಲ್ಲಿ ಏನು ಕೇಳುತ್ತಾರೆ?

ಪರೀಕ್ಷೆ ಕಂಪ್ಯೂಟರಿನಲ್ಲಿ. ಭಾಷೆ ಕನ್ನಡ ಎಂದು ಮೊದಲೇ ಆರಿಸಿಕೊಳ್ಳಿ. ಪ್ರಶ್ನೆಯ ಕೆಳಗೆ ಉತ್ತರಗಳಿರುತ್ತವೆ, ಸರಿಯಾದುದನ್ನು ಒತ್ತಬೇಕು. ಬರೆಯುವುದೇನೂ ಇಲ್ಲ. ಕೇಳಿದ ಪ್ರಶ್ನೆಗಳಲ್ಲಿ ಕನಿಷ್ಠ ಶೇ. 60ರಷ್ಟಕ್ಕೆ ಸರಿಯುತ್ತರ ಕೊಡಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಆಧಾರ್ ಮೂಲಕ ಅರ್ಜಿ ಹಾಕಿದವರು ಮನೆಯಿಂದಲೇ ಪರೀಕ್ಷೆ ಬರೆಯುವ ಅನುಕೂಲವಿದೆ. ಆದರೆ ನಿಮ್ಮ ಬದಲು ಮಗಳೋ ಸೈಬರಿನ ಹುಡುಗನೋ ಉತ್ತರ ಒತ್ತುವುದು ಬೇಡ. ರಸ್ತೆಯಲ್ಲಿ ಲಾರಿ ಎದುರಾದಾಗ ಅವರು ನಿಮ್ಮ ಜೊತೆ ಇರುವುದಿಲ್ಲ.

ಓದಬೇಕಾದ ಭಾಗ ನಾಲ್ಕೇ.

1. ಚಿಹ್ನೆ, ಸಿಗ್ನಲ್, ರಸ್ತೆ ನಿಯಮ. ಚಿಹ್ನೆಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಮೊದಲು ಆಕಾರ ನೋಡಿ. ಕೆಂಪು ಅಂಚಿನ ದುಂಡು ಫಲಕ ಎಂದರೆ ‘ಮಾಡಬೇಡ’. ನೀಲಿ ದುಂಡು ಫಲಕ ಎಂದರೆ ‘ಹೀಗೇ ಮಾಡು’. ಕೆಂಪು ಅಂಚಿನ ತ್ರಿಕೋನ ‘ಎಚ್ಚರಿಕೆ’. ನೀಲಿ ಚೌಕ ‘ಮಾಹಿತಿ’, ಆಸ್ಪತ್ರೆ, ಪೆಟ್ರೋಲ್ ಬಂಕ್ ಇತ್ಯಾದಿ. ಎಂಟು ಮೂಲೆಯ ಕೆಂಪು ಫಲಕ ‘ನಿಲ್ಲು’. ತಲೆಕೆಳಗಾದ ತ್ರಿಕೋನ ‘ದಾರಿ ಬಿಡು’. ಇಷ್ಟು ತಿಳಿದರೆ ಚಿತ್ರ ಮರೆತರೂ ಅರ್ಧ ಉತ್ತರ ಸಿಕ್ಕಂತೆ.

ಹೆಚ್ಚು ಜನ ತಪ್ಪುವುದು ಜೋಡಿ ಚಿಹ್ನೆಗಳಲ್ಲಿ. ಒಂದೇ ಅಡ್ಡಗೆರೆ ಇದ್ದರೆ ಗಾಡಿ ನಿಲ್ಲಿಸಿ ಹೋಗಬಾರದು. ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ ಕ್ಷಣಹೊತ್ತೂ ನಿಲ್ಲಿಸಬಾರದು. ತ್ರಿಕೋನದಲ್ಲಿ ಬೇಲಿಯಂಥ ಗೇಟಿನ ಚಿತ್ರವಿದ್ದರೆ ಮುಂದೆ ಕಾವಲಿರುವ ರೈಲ್ವೆ ಗೇಟು. ರೈಲು ಇಂಜಿನ್ನಿನ ಚಿತ್ರವಿದ್ದರೆ ಕಾವಲಿಲ್ಲದ ದಾಟು.

2. ಅಪಘಾತವಾದಾಗ ಚಾಲಕರ ಕರ್ತವ್ಯ. ಮೊದಲು ಪೆಟ್ಟಾದವರಿಗೆ ಚಿಕಿತ್ಸೆ ಕೊಡಿಸಬೇಕು. ನಂತರ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ತಿಳಿಸಬೇಕು.

3. ಕಾವಲಿಲ್ಲದ ರೈಲ್ವೆ ದಾಟು. ದಾವಣಗೆರೆಯವರಿಗೆ ರೈಲ್ವೆ ಗೇಟೆಂದರೆ ಅಶೋಕ ರಸ್ತೆಯ ಕಾಯುವಿಕೆ ನೆನಪಾಗುತ್ತದೆ. ಪರೀಕ್ಷೆಯಲ್ಲಿ ಕೇಳುವುದು ಗೇಟೇ ಇಲ್ಲದ ಕಡೆಯ ಮಾತು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅಂಥ ದಾಟುಗಳನ್ನು 2019ರ ಹೊತ್ತಿಗೆ ತೆಗೆಯಲಾಗಿದೆ, ಆದರೂ ಪ್ರಶ್ನೆ ಉಳಿದಿದೆ. ಉತ್ತರ: ಗಾಡಿ ನಿಲ್ಲಿಸಿ, ಇಳಿದು, ಎರಡೂ ಕಡೆ ರೈಲು ಬರುತ್ತಿಲ್ಲವೆಂದು ನೋಡಿಕೊಂಡ ಮೇಲೆಯೇ ದಾಟಬೇಕು.

4. ಜೊತೆಯಲ್ಲಿರಬೇಕಾದ ದಾಖಲೆ. ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ತಪಾಸಣೆ ಪ್ರಮಾಣಪತ್ರ. ಮೊಬೈಲಿನ ಡಿಜಿಲಾಕರ್‌ನಲ್ಲಿ ಇದ್ದರೂ ನಡೆಯುತ್ತದೆ.

ಅಭ್ಯಾಸಕ್ಕೆ ಆರು ಪ್ರಶ್ನೆ

ಮೊದಲು ನೀವೇ ಉತ್ತರ ಹೇಳಿ, ಆಮೇಲೆ ಕೆಳಗೆ ನೋಡಿ.

ಪ್ರ. 1: ದನ ಹೊಡೆದುಕೊಂಡು ಬರುತ್ತಿರುವವರು, ದನ ಬೆದರೀತೆಂದು ನಿಮಗೆ ನಿಲ್ಲಿಸಲು ಕೈ ಮಾಡುತ್ತಾರೆ. ಏನು ಮಾಡುವಿರಿ? (ಅ) ಹಾರ್ನ್ ಹೊಡೆದು ಮುಂದೆ ಹೋಗುವುದು (ಆ) ಗಾಡಿ ನಿಲ್ಲಿಸುವುದು (ಇ) ಬದಿಯಿಂದ ಬೇಗ ದಾಟುವುದು

ಪ್ರ. 2: ಕಿರಿದಾದ ಸೇತುವೆಯ ಮೇಲೆ ಮುಂದಿನ ಟ್ರ್ಯಾಕ್ಟರ್ ನಿಧಾನ ಹೋಗುತ್ತಿದೆ. (ಅ) ಹಾರ್ನ್ ಹೊಡೆದು ಓವರ್‌ಟೇಕ್ ಮಾಡಬಹುದು (ಆ) ಎಡದಿಂದ ನುಗ್ಗಬಹುದು (ಇ) ಓವರ್‌ಟೇಕ್ ಮಾಡುವಂತಿಲ್ಲ

ಪ್ರ. 3: ವೃತ್ತಕ್ಕೆ ಬಂದಿದ್ದೀರಿ. ಮೊದಲು ಯಾರಿಗೆ ದಾರಿ? (ಅ) ದೊಡ್ಡ ವಾಹನಕ್ಕೆ (ಆ) ಬಲಗಡೆಯಿಂದ ವೃತ್ತದೊಳಗೆ ಬರುತ್ತಿರುವ ವಾಹನಕ್ಕೆ (ಇ) ವೇಗವಾಗಿ ಬಂದವರಿಗೆ

ಪ್ರ. 4: ದ್ವಿಚಕ್ರ ವಾಹನದಲ್ಲಿ ಚಾಲಕರನ್ನು ಬಿಟ್ಟು ಎಷ್ಟು ಜನ ಕೂರಬಹುದು? (ಅ) ಒಬ್ಬರು (ಆ) ಇಬ್ಬರು (ಇ) ಸೀಟು ಹಿಡಿಯುವಷ್ಟು

ಪ್ರ. 5: ರಾತ್ರಿ ಎದುರಿನಿಂದ ವಾಹನ ಬರುತ್ತಿದೆ. ಹೆಡ್‌ಲೈಟ್? (ಅ) ಪ್ರಖರ (ಆ) ಡಿಮ್ (ಇ) ಆರಿಸಬೇಕು

ಪ್ರ. 6: ಬಲಗೈಯನ್ನು ಚಾಚಿ, ಅಂಗೈ ಕೆಳಮುಖವಾಗಿಸಿ ಮೇಲೆ ಕೆಳಗೆ ಆಡಿಸಿದರೆ ಏನರ್ಥ? (ಅ) ಬಲಕ್ಕೆ ತಿರುಗುತ್ತೇನೆ (ಆ) ವೇಗ ಕಡಿಮೆ ಮಾಡುತ್ತೇನೆ (ಇ) ಮುಂದೆ ಹೋಗಿ

ಉತ್ತರ ಮತ್ತು ಕಾರಣ

1-ಆ. ಇದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಬ್ಬದ ಹಸು ಹಿಡಿದುಕೊಂಡು ರಸ್ತೆ ಬದಿ ನಿಂತಾಗ ಹಾರ್ನ್ ಹೊಡೆದು ಹೋದವರನ್ನು ಎಷ್ಟು ಬೈದಿದ್ದೀರೆಂದು ನೆನಪಿಸಿಕೊಳ್ಳಿ.
2-ಇ. ಸೇತುವೆ, ತಿರುವು, ದಿಬ್ಬದ ತುದಿ, ಈ ಮೂರೂ ಕಡೆ ಎದುರಿನದು ಕಾಣದು ಅಥವಾ ತಪ್ಪಿಸಿಕೊಳ್ಳಲು ಜಾಗವಿರದು.
3-ಆ. ವೃತ್ತದೊಳಗೆ ಈಗಾಗಲೇ ಇರುವವರಿಗೆ ಮೊದಲ ಹಕ್ಕು.
4-ಅ. ಇಬ್ಬರಿಗೂ ಹೆಲ್ಮೆಟ್ ಕಡ್ಡಾಯ. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಕಡ್ಡಾಯ.
5-ಆ. ಎದುರಿನವರ ಕಣ್ಣು ಕೋರೈಸಿದರೆ ಅವರು ನಿಮ್ಮ ಮೇಲೆಯೇ ಬರಬಹುದು.
6-ಆ. ಬಲಕ್ಕೆ ತಿರುಗಲು ಕೈಯನ್ನು ನೇರ ಚಾಚಿ, ಅಂಗೈ ಮುಂದಕ್ಕೆ ಮಾಡಬೇಕು.

ಕೆಲಸದ ನಡುವೆ ಓದುವುದು ಹೇಗೆ?

ಹತ್ತು ದಿನ ಸಾಕು. ಮೊದಲ ನಾಲ್ಕು ದಿನ ಚಿಹ್ನೆಗಳು. ಮಕ್ಕಳ ಹಳೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಹತ್ತು ಚಿಹ್ನೆ ಬರೆದು ಕೊಟ್ಟಿಗೆಯ ಗೋಡೆಗೆ ಅಂಟಿಸಿ, ಹಾಲು ಕರೆಯುವಾಗ ಕಣ್ಣಿಗೆ ಬೀಳಲಿ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಬಸ್ಸಿನಲ್ಲಿ ಹೋಗುವ ದಿನ ಕಿಟಕಿ ಪಕ್ಕ ಕೂತು ದಾರಿಯ ಫಲಕಗಳನ್ನು ಓದಿಕೊಂಡು ಹೋಗಿ. ಐದರಿಂದ ಏಳನೇ ದಿನ ರಸ್ತೆ ನಿಯಮ, ಎಂಟನೇ ದಿನ ಉಳಿದ ಮೂರು ಭಾಗ. ಕೊನೆಯ ಎರಡು ದಿನ ಪ್ರಶ್ನೋತ್ತರ. ಸಂಘದಲ್ಲಿ ಹಾಲು ಅಳೆಯುವ ಸಾಲಿನಲ್ಲಿ ನಿಂತಾಗ ಒಬ್ಬರು ಕೇಳಿ, ಇನ್ನೊಬ್ಬರು ಹೇಳಿ. ಓದು ನಿಧಾನವಿರುವ ಅಕ್ಕಂದಿರಿಗೆ ಇದೇ ಒಳ್ಳೆಯ ದಾರಿ. ಮೊದಲ ಸಲ ಪಾಸಾಗದಿದ್ದರೆ ಬೇಸರ ಬೇಡ, ಶುಲ್ಕ ಕಟ್ಟಿ ಮತ್ತೆ ಬರೆಯಬಹುದು.

ಪಾಸಾದ ಮೇಲೆ

ಎಲ್‌ಎಲ್‌ಆರ್‌ಗೆ 6 ತಿಂಗಳ ಅವಧಿ. ಅದು ಕೈಗೆ ಬಂದು 30 ದಿನ ಕಳೆದ ಮೇಲೆ, ಅವಧಿ ಮುಗಿಯುವುದರೊಳಗೆ, ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗಬೇಕು. ಎಷ್ಟೋ ಜನ ಎಲ್‌ಎಲ್‌ಆರ್ ಸಿಕ್ಕಿತೆಂದು ಸುಮ್ಮನಾಗಿ ಅವಧಿ ಕಳೆದುಕೊಳ್ಳುತ್ತಾರೆ. ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಹಸು ಈಯುವ ದಿನ ಗುರುತು ಹಾಕುವಂತೆ ಗುರುತು ಹಾಕಿ. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಅಕ್ಷರ ಇರಲಿ. ಕಲಿಸುವ, ಲೈಸೆನ್ಸ್ ಇರುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ.

ಕಲಿಯುವ ತಿಂಗಳಲ್ಲಿ ಖಾಲಿ ಗಾಡಿಯಲ್ಲೇ ಕಲಿಯಿರಿ. 20 ಲೀಟರ್ ಹಾಲೆಂದರೆ 20 ಕಿಲೋಗಿಂತ ಹೆಚ್ಚು, ಕ್ಯಾನಿನ ತೂಕ ಬೇರೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕಿ ತಿರುವಿನಲ್ಲಿ ಗಾಡಿಯನ್ನು ಎಳೆಯುತ್ತದೆ. ಹ್ಯಾಂಡಲ್‌ಗೆ ಕ್ಯಾನು ತೂಗುಹಾಕಬೇಡಿ. ಒಕ್ಕಣೆ ಕಾಲದಲ್ಲಿ ರಸ್ತೆಯ ಮೇಲೆ ಒಣಹಾಕಿದ ಮೆಕ್ಕೆಜೋಳದ ಮೇಲೆ ಬ್ರೇಕ್ ಹಿಡಿದರೆ ಚಕ್ರ ಜಾರುತ್ತದೆ, ಮೊದಲೇ ವೇಗ ಇಳಿಸಿ. ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಊರಿನವರು ಸುತ್ತು ಉಳಿಸಲೆಂದು ಎದುರು ದಿಕ್ಕಿನಲ್ಲಿ ಹೋಗಲೇಬೇಡಿ. ಅಲ್ಲಿ ಉಳಿಯುವುದು ಐದು ನಿಮಿಷ, ಹೋಗುವುದು ಜೀವ.

ನಿಮ್ಮ ಸಂಘದಲ್ಲಿ ನಾಲ್ಕೈದು ಮಂದಿ ಒಟ್ಟಿಗೆ ಅರ್ಜಿ ಹಾಕಿದರೆ ಓದುವುದೂ ಸುಲಭ, ಆರ್‌ಟಿಓ ಕಚೇರಿಗೆ ಹೋಗಿಬರುವುದೂ ಸುಲಭ. ಮುಂದಿನ ಬಟವಾಡೆಯ ದಿನ ಸಂಘಕ್ಕೆ ಬಂದಾಗ ಈ ಮಾತು ತೆಗೆಯಿರಿ. ಹೆಸರು ಬರೆಸಲು ನೀವೇ ಮೊದಲಿಗರಾಗಿ.