ಪುಕ್ಕಟೆ ಬಂದ ಪಿಕಪ್‌ನ ಲೆಕ್ಕ

ಅಪ್ಪನಿಂದಲೋ ದೊಡ್ಡಪ್ಪನಿಂದಲೋ ಬಂದ ಹಳೆಯ ಪಿಕಪ್ ಗಾಡಿಯನ್ನು ಮತ್ತೆ ರಸ್ತೆಗಿಳಿಸಲು ಹೊರಟವರು ಮೊದಲು ಆಡುವ ಮಾತು, ‘ಗಾಡಿ ಹೇಗೂ ನಮ್ಮದೇ, ರಿಪೇರಿಯದ್ದಷ್ಟೇ ಖರ್ಚು.’ ಅದರ ಬೆನ್ನಿಗೇ ಎರಡನೆಯದು, ‘ಮುಂದೆ ಒಳ್ಳೇ ರೇಟು ಬರುತ್ತೆ.’ ಹಳೆಯ ಟಾಟಾಮೊಬೈಲ್ ಒಂದರ ಖರ್ಚು ಹೊತ್ತುಕೊಂಡಿರುವವನಾಗಿಯೇ ಹೇಳುತ್ತೇನೆ: ಗಾಡಿ ಉಳಿಸಿಕೊಳ್ಳಿ, ಬೇಡ ಎನ್ನುವುದಿಲ್ಲ; ಅದಕ್ಕೆ ಹಾಕುವ ಹಣವನ್ನು ಮಾತ್ರ ಹೂಡಿಕೆ ಎನ್ನಬೇಡಿ. ಊರ ಜಾತ್ರೆಗೆ ತೆಗೆದಿಟ್ಟ ದುಡ್ಡಿನ ಹಾಗೆ ಅದು ಖುಷಿಗೆ ಮಾಡುವ ಖರ್ಚು. ಖರ್ಚು ಎಂದು ಬರೆದುಕೊಂಡವರು ಅದಕ್ಕೊಂದು ಮಿತಿಯನ್ನೂ ಬರೆದುಕೊಳ್ಳುತ್ತಾರೆ. ಹೂಡಿಕೆ ಎಂದುಕೊಂಡವರಿಗೆ ಗ್ಯಾರೇಜಿನಿಂದ ಬರುವ ಪ್ರತಿ ಬಿಲ್ಲೂ ಗಾಡಿಯ ಬೆಲೆ ಏರಿಸುವ ಬಿಲ್ಲಾಗಿಯೇ ಕಾಣುತ್ತದೆ, ಜೇಬಿಗೆ ತಳವಿರುವುದಿಲ್ಲ. ಇನ್ನು ‘ಪುಕ್ಕಟೆ’ ಎಂಬುದೂ ಪೂರ್ತಿ ನಿಜವಲ್ಲ. ಇವತ್ತು ಗುಜರಿಯವನೋ ಹಳೆ ಗಾಡಿ ಕೊಳ್ಳುವವನೋ ಕೊಡಲು ಸಿದ್ಧನಿರುವ ಮೊತ್ತವನ್ನು ನೀವು ಬೇಡವೆಂದಿದ್ದೀರಿ. ಲೆಕ್ಕದ ಮೊದಲ ಸಾಲು ಅದೇ.

ಈ ಗಾಡಿಯ ಮೇಲೆ ಮಮಕಾರವಿಲ್ಲದವರು ಅದಕ್ಕೆ ಏನು ಬೆಲೆ ಕಟ್ಟುತ್ತಾರೆ ನೋಡಿ. ಮೂವತ್ತು ದಾಟಿದ ಗಾಡಿಯನ್ನು ಅಡವಿಟ್ಟುಕೊಂಡು ವಾಹನ ಸಾಲ ಕೊಡುವ ಬ್ಯಾಂಕು ಸಿಗುವುದು ಕಷ್ಟ. ಸಾಲವೇ ಬೇಕೆಂದರೆ ದುಬಾರಿ ಬಡ್ಡಿಯ ವೈಯಕ್ತಿಕ ಸಾಲ, ಇಲ್ಲವೇ ಮನೆಯ ಚಿನ್ನ. ವಿಮೆಯವರ ಲೆಕ್ಕದಲ್ಲಿ ಐದು ವರ್ಷ ತುಂಬುವ ಹೊತ್ತಿಗೇ ವಾಹನದ ಘೋಷಿತ ಮೌಲ್ಯ ಅರ್ಧಕ್ಕೆ ಇಳಿದಿರುತ್ತದೆ. ಆಮೇಲಿನದು ಕಂಪನಿಗೂ ಮಾಲೀಕನಿಗೂ ನಡುವಿನ ಒಪ್ಪಂದದ ಅಂಕಿ. ನೀವು ಟಿಂಕರಿಂಗಿಗೆ, ಪೇಂಟಿಗೆ ಸುರಿದ ಹಣದ ರಸೀದಿಗಳು ಆ ಅಂಕಿಯೊಳಗೆ ತಾವಾಗಿಯೇ ಸೇರುವುದಿಲ್ಲ. 3 ಲಕ್ಷ ರೂಪಾಯಿ ಹಾಕಿ ನಿಲ್ಲಿಸಿದ ಗಾಡಿ ಅಪಘಾತದಲ್ಲಿ ಹೋದರೆ ಕೈಗೆ ಬರುವುದು ಪಾಲಿಸಿಯಲ್ಲಿ ಬರೆದ ಮೊತ್ತವೇ ಹೊರತು ನೀವು ಖರ್ಚು ಮಾಡಿದ್ದಲ್ಲ. ಬರೀ ಥರ್ಡ್ ಪಾರ್ಟಿ ವಿಮೆಯಿದ್ದರೆ ಅದೂ ಇಲ್ಲ. ಅದೇ 3 ಲಕ್ಷ ಶೇ 7ರ ಠೇವಣಿಯಲ್ಲಿದ್ದರೆ, ತೆರಿಗೆ ಬಿಟ್ಟು ಹೇಳುವುದಾದರೆ, ಹತ್ತು ವರ್ಷಕ್ಕೆ ಸುಮಾರು 5.9 ಲಕ್ಷವಾಗುತ್ತದೆ. ಹೂಡಿಕೆ ಎನ್ನುವವರ ಗಾಡಿ ಅಷ್ಟರೊಳಗೆ ಆ ಬೆಲೆ ಮುಟ್ಟಬೇಕು, ಅದೂ ನಡುವಿನ ಹತ್ತು ವರ್ಷದ ಟೈರು, ಬ್ಯಾಟರಿ, ವಿಮೆ, ಶೆಡ್ಡಿನ ಖರ್ಚನ್ನು ಕಳೆದ ಮೇಲೆ.

ಕಬ್ಬಿಣಕ್ಕಿಂತ ಕಾಗದವೇ ಹೆಚ್ಚು ತಿನ್ನುವುದೂ ಉಂಟು. ಪಿಕಪ್‌ಗಳಲ್ಲಿ ಬಹುಪಾಲು ಹಳದಿ ಬೋರ್ಡಿನ ಸರಕು ವಾಹನಗಳು. ಎಂಟು ವರ್ಷ ದಾಟಿದ ಮೇಲೆ ಅವುಗಳಿಗೆ ವರ್ಷ ವರ್ಷ ಎಫ್‌ಸಿ ಆಗಬೇಕು. 2021ರ ಕೇಂದ್ರ ಅಧಿಸೂಚನೆಯ ಪ್ರಕಾರ ಎಫ್‌ಸಿ ಅವಧಿ ಮುಗಿದ ಮೇಲೆ ತಡವಾದ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. ನಾಲ್ಕು ವರ್ಷ ಕೊಟ್ಟಿಗೆಯ ಪಕ್ಕ ನಿಂತ ಗಾಡಿಗೆ ಈ ಲೆಕ್ಕ 73,000 ರೂಪಾಯಿ, ಒಂದು ಬೋಲ್ಟನ್ನೂ ತಿರುಗಿಸುವ ಮೊದಲೇ. ಬಿಳಿ ಬೋರ್ಡಿನದಾದರೆ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ. ಇಪ್ಪತ್ತು ವರ್ಷ ಮೀರಿದ ಲಘು ಮೋಟಾರು ವಾಹನದ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಯಿತು. ಆದ್ದರಿಂದ ಮೆಕ್ಯಾನಿಕ್‌ನನ್ನು ಕರೆಸುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಬಾಕಿ ಎಷ್ಟೆಂದು ಕೇಳುವುದು ಲೇಸು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಹಳೆಯ ವಿಲ್ಲೀಸ್ ಜೀಪಿಗೆ, ಆರ್‌ಎಕ್ಸ್ 100 ಬೈಕಿಗೆ ಜನ ಕೇಳಿದಷ್ಟು ಕೊಡುತ್ತಿಲ್ಲವೇ? ಕೊಡುತ್ತಿದ್ದಾರೆ. ಆದರೆ ಹರೆಯದಲ್ಲಿ ಆಸೆಪಟ್ಟು ಸಿಗದೆ ಹೋದದ್ದನ್ನು ಈಗ ಕೊಳ್ಳುವವರು ಅವರು. ಕೋಸುಗಡ್ಡೆಯ ಮೂಟೆ, ಅಡಿಕೆ ಚೀಲ ಹೊತ್ತ ಪಿಕಪ್ಪನ್ನು ಹಾಗೆ ಕನಸು ಕಂಡವರು ಕಡಿಮೆ. ವಿಂಟೇಜ್ ಎಂಬ ಪಟ್ಟ ಸಿಗುವುದು ಮೊದಲ ನೋಂದಣಿಯಿಂದ 50 ವರ್ಷ ಮೀರಿದ ಖಾಸಗಿ ವಾಹನಕ್ಕೆ, ಅದೂ ಮೂಲ ರೂಪದಲ್ಲೇ ಇದ್ದರೆ. ಟಾಟಾಮೊಬೈಲ್ ಮಾರುಕಟ್ಟೆಗೆ ಬಂದದ್ದೇ 1988ರಲ್ಲಿ; ಮೊದಲ ಗಾಡಿಗೂ 2038ರವರೆಗೆ ಕಾಯಬೇಕು. ಪಟ್ಟ ಸಿಕ್ಕ ಮೇಲೆ ಪ್ರದರ್ಶನ, ರ್‍ಯಾಲಿಯಂಥವುಗಳಿಗೆ ಬಿಟ್ಟರೆ ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತೆಯೂ ಇಲ್ಲ.

ಹೊಸ ಪಿಕಪ್ಪಿನ ಬೆಲೆಗೆ ಹೋಲಿಸಿದರೆ ರಿಪೇರಿಯೇ ಅಗ್ಗ ಎಂಬ ವಾದ ಇದಕ್ಕಿಂತ ಗಟ್ಟಿ. ತೋಟದ ಕೆಲಸಕ್ಕೆ ಗಾಡಿ ನಿಜವಾಗಿಯೂ ಬೇಕಿದ್ದರೆ ಅದನ್ನು ಒಪ್ಪಬಹುದು, ಆದರೆ ಹೋಲಿಕೆ ಹೊಸದರ ಜೊತೆಗಲ್ಲ, ಅಷ್ಟೇ ಹಣಕ್ಕೆ ಸಿಗುವ ಎಂಟು ಹತ್ತು ವರ್ಷದ ಸೆಕೆಂಡ್‌ಹ್ಯಾಂಡ್ ಗಾಡಿಯ ಜೊತೆ ಇರಬೇಕು. ಹಳೆ ಗಾಡಿಯ ಪರವಾಗಿ ಒಂದು ಮಾತನ್ನು ಮಾತ್ರ ಹೇಳಲೇಬೇಕು. ಟಾಟಾಮೊಬೈಲ್‌ನ 1948 ಸಿಸಿ ಡೀಸೆಲ್ ಎಂಜಿನ್ನೇ ಸಿಯೆರಾ, ಎಸ್ಟೇಟ್ ಕಾರುಗಳಲ್ಲೂ ಇತ್ತು. ಹಾಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕುವವನಿಗೆ ಒಂದಲ್ಲ, ಮೂರು ಗಾಡಿಗಳ ಸಾಮಾನು ಹೊಂದುತ್ತದೆ. ನುಂಗುವುದು ಎಂಜಿನ್ನಲ್ಲ, ಚಾಸಿಯ ತುಕ್ಕು. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ನಿಂತ ಗಾಡಿಯನ್ನು ಎತ್ತಿಸಿ, ಅಡಿಭಾಗವನ್ನು ಸುತ್ತಿಗೆಯಲ್ಲಿ ತಟ್ಟಿ ನೋಡದೆ ಯಾರಿಗೂ ಮುಂಗಡ ಕೊಡಬಾರದು. ತೀರಾ ಹೋಗಿದ್ದರೆ ಬೇರೆ ಕಂಪನಿಯ ಎಂಜಿನ್ನು, ಉದ್ದದ ಬಾಡಿ ಕೂರಿಸೋಣ ಎನ್ನುವ ಧೀರರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದಕ್ಕೆ ಅಡ್ಡ ಬರುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಖಚಿತಪಡಿಸಿದೆ.

‘ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯಬೇಕೇ, ಅಪ್ಪ ಓಡಿಸಿದ ಗಾಡಿ ಕಣ್ರೀ’ ಎನ್ನುವವರಿಗೆ ನನ್ನ ತಕರಾರಿಲ್ಲ. ನಾನೂ ಆ ಪಕ್ಷದವನೇ. ಆದರೆ ಅಪ್ಪನ ಗಾಡಿ ಅಣ್ಣತಮ್ಮ, ಅಕ್ಕತಂಗಿಯರೆಲ್ಲರ ಅಪ್ಪನ ಗಾಡಿಯೂ ಹೌದು. ಮಾಲೀಕರು ತೀರಿಕೊಂಡರೆ ಮೂವತ್ತು ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕೆಂಬುದು ನಿಯಮ. ಎಷ್ಟೋ ಮನೆಗಳಲ್ಲಿ ಆರ್‌ಸಿ ಇನ್ನೂ ತೀರಿಕೊಂಡವರ ಹೆಸರಿನಲ್ಲೇ ಇರುತ್ತದೆ, ಒಬ್ಬ ಮಗ ದುಡ್ಡು ಹಾಕುತ್ತಿರುತ್ತಾನೆ. ಗಾಡಿ ಮಿರುಗಲು ಶುರುವಾದ ಮೇಲೆ ಉಳಿದವರಿಗೆ ಪಾಲಿನ ನೆನಪಾದರೆ ಅವರನ್ನು ಬೈಯುವಂತಿಲ್ಲ. ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಆರ್‌ಸಿಯಲ್ಲಿ ಹೆಸರು, 2021ರಿಂದ ಅವಕಾಶವಿರುವ ನಾಮಿನಿ ನಮೂದು, ಇವು ಮೊದಲ ಮುಂಗಡಕ್ಕಿಂತ ಮುಂಚೆ ಆಗಲಿ. ಪ್ರೀತಿಗಾಗಿಯೇ ಮಾಡಿಸುವವರು ಬ್ರೇಕು, ಸ್ಟಿಯರಿಂಗು, ವೈರಿಂಗು, ಚಾಸಿಗೆ ಕೈಬಿಚ್ಚಿ ಕೊಡಲಿ. ಶೋರೂಮ್ ಹೊಳಪಿನ ಪೇಂಟಿಂಗ್ ಮಾತ್ರ ಪಟ್ಟಿಯಲ್ಲಿ ಕೊನೆಗಿರಲಿ: ಬಿಲ್ಲಿನ ದೊಡ್ಡ ಪಾಲು ಅದರದ್ದೇ, ಬಾಗಿಲ ಮೇಲೆ ಅಪ್ಪ ಬರೆಸಿದ ಹೆಸರು ಅಳಿಸಿಹೋಗುವುದೂ ಅದರಿಂದಲೇ.